ಒಂಟಿ ತಟ್ಟೆ, ಜೋಡಿ ತಟ್ಟೆ

ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಿಗೆ ಅಗರ್ ಎಂಬ ಪಾಚಿಯ ಅಂಟನ್ನು ಕಾಯಿಸಿ ಸುರಿಯುವುದು ಆಕೆಯ ಕೆಲಸ. ಹಾಗಾಗಿ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಆಕೆ ಅಗರಕ್ಕ. ಗಂಡ ತೀರಿಕೊಂಡ ವರ್ಷ ನೆಲ ಒರೆಸಲು ಸೇರಿದವಳು, ಬಾಟಲಿ ತೊಳೆಯುತ್ತ ತೊಳೆಯುತ್ತ, ಮೂವತ್ತೊಂದು ವರ್ಷಕ್ಕೆ ಆ ಕೋಣೆಗೇ ಯಜಮಾನಿಯಾಗಿಬಿಟ್ಟಿದ್ದಳು. ಓದಿದ್ದು ಎರಡನೇ ಕ್ಲಾಸು. ಆದರೆ ಬಿಸಿ ಫ್ಲಾಸ್ಕನ್ನು ಮೊಣಕೈಗೆ ತಾಗಿಸಿ "ಈಗ ಸುರೀಬಹುದು" ಅಂದಳೆಂದರೆ, ಥರ್ಮಾಮೀಟರ್ ಹಿಡಿದು ನಿಂತ ಪ್ರೊಫೆಸರರೂ ತೆಪ್ಪಗೆ ಪಕ್ಕಕ್ಕೆ ಸರಿಯುತ್ತಿದ್ದರು. ಆಕೆ ಸುರಿದ ತಟ್ಟೆಯಲ್ಲಿ ಬೂಷ್ಟು ಕಂಡವರಿಲ್ಲ. ಆ ಹೆಸರೊಂದನ್ನು ಉಳಿಸಿಕೊಂಡು ಮುಂದಿನ ತಿಂಗಳು ನಿವೃತ್ತಳಾಗುವವಳಿದ್ದಳು.

ಆಕೆಯದು ಒಂದೇ ಚಾಳಿ, ಏನನ್ನೂ ಎಸೆಯಲಾರಳು. ಅರ್ಧ ಚಮಚ ಅಗರ್ ಪುಡಿ ಚೆಲ್ಲಿದರೂ ಹೊಟ್ಟೆ ಉರಿಸಿಕೊಳ್ಳುವ ಜೀವ.

ನಾಲ್ಕು ವರ್ಷದಿಂದ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯ ಮೇಲೆ ಅಗರಕ್ಕನಿಗೆ ಹೆತ್ತ ಮಗಳ ಮೇಲಿರುವಷ್ಟೇ ಅಕ್ಕರೆ. ಹುಡುಗಿ ನಿಧಾನವಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಒಂದು ತಟ್ಟೆಯಲ್ಲಿ ಒಂಟಿಯಾಗಿ ಇಡುತ್ತಿದ್ದಳು, ಇನ್ನೊಂದರಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾದ ಪಕ್ಕದಲ್ಲಿ. ಒಂಟಿ ತಟ್ಟೆಯಲ್ಲಿ ಅದು ಎಳ್ಳುಕಾಳಿನಷ್ಟಕ್ಕೇ ನಿಲ್ಲುತ್ತಿತ್ತು, ಜೋಡಿ ತಟ್ಟೆಯಲ್ಲಿ ಮೆಣಸಿನ ಕಾಳಿನಷ್ಟಾಗುತ್ತಿತ್ತು. ನೆರೆಯದು ಇದನ್ನು ಬೆಳೆಸುತ್ತದೆ ಎಂಬುದೇ ಹುಡುಗಿಯ ಪಿಎಚ್.ಡಿ. ಪ್ರಬಂಧ. ಅದನ್ನು ಒಪ್ಪಿಸಲು ಇನ್ನು ಮೂರೇ ವಾರ ಉಳಿದಿತ್ತು.

ಒಂದು ಮಧ್ಯಾಹ್ನ ಹುಡುಗಿ ಪ್ರಬಂಧ ಮಂಡಿಸುವ ಭಾಷಣದ ತಾಲೀಮಿಗೆ ಅಗರಕ್ಕನನ್ನೇ ಸಭೆ ಮಾಡಿ ಸ್ಟೂಲಿನ ಮೇಲೆ ಕೂರಿಸಿದಳು.

"ಎರಡೂ ತಟ್ಟೆ ಒಂದೇ ಥರದ್ದು. ಇರೋ ವ್ಯತ್ಯಾಸ ಒಂದೇ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು."

ಅಗರಕ್ಕ ಸ್ಟೂಲಿನಿಂದ ಎದ್ದು ನಿಂತಳು. ಎರಡೂ ಒಂದೇ ಥರದ್ದಲ್ಲ ಎಂದು ಲೋಕದಲ್ಲಿ ಬಲ್ಲವಳು ಆಕೆಯೊಬ್ಬಳೇ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿಗೆ ಪದವಿ ಸಿಗುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಎರಡು ದಿನ ಆ ಮಾತನ್ನು ನುಂಗಿಕೊಂಡೇ ಓಡಾಡಿದಳು. ಮೂರನೆಯ ದಿನ ಹುಡುಗಿಯನ್ನು ಕರೆದು ಬಾಗಿಲು ಮುಂದೆ ಮಾಡಿದಳು.

"ಜೋಡಿ ಇಡೋದೇ ನಿನ್ನ ಮುಖ್ಯ ಕೆಲಸ ಅಂತ, ಅದಕ್ಕೆ ಅವತ್ತವತ್ತೇ ಸುರಿದ ತಟ್ಟೆ ಕೊಡ್ತಿದ್ದೆ ಮಗಳೇ. ಒಂಟಿ ಇಡೋದಕ್ಕೆ ಹಿಂದಿನ ವಾರ ಉಳಿದದ್ದು. ಎಸೆಯೋಕೆ ಮನಸ್ಸು ಬರ್ತಿರಲಿಲ್ಲ."

"ಯಾವಾಗಿಂದ?"

"ನೀನು ಬಂದಾಗಿಂದ."

ಹುಡುಗಿ ಒಂದು ಹಳೆಯ ತಟ್ಟೆ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ, "ವಾರ ಇಟ್ರೆ ಒಣಗಿರುತ್ತೆ ಅಕ್ಕ. ಒಣ ತಟ್ಟೇಲಿ ಅದು ಸರಿಯಾಗಿ ಬೆಳೆಯಲ್ಲ" ಅಂದಳು.

ಅದೇ ದಿನ ಅಗರಕ್ಕ ಒಂದೇ ಫ್ಲಾಸ್ಕಿನಿಂದ ಇಪ್ಪತ್ತು ತಟ್ಟೆ ಸುರಿದಳು. ಹುಡುಗಿ ಹತ್ತರಲ್ಲಿ ಒಂಟಿಯಾಗಿ, ಹತ್ತರಲ್ಲಿ ಜೋಡಿಯಾಗಿ ಇಟ್ಟಳು. ನಾಲ್ಕು ದಿನದ ಮೇಲೆ ಇಬ್ಬರೂ ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದರು. ಒಂಟಿಯಾಗಿಟ್ಟದ್ದೂ ಮೆಣಸಿನ ಕಾಳಿನಷ್ಟೇ ಬೆಳೆದು ಕೂತಿತ್ತು. ಹುಡುಗಿ ಸ್ಕೇಲು ಹಿಡಿದು ಎರಡೆರಡು ಸಲ ಅಳೆದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೆನ್ನು ಸವರಲು ಹೋದ ಅಗರಕ್ಕ, ತನಗೆ ಆ ಹಕ್ಕಿಲ್ಲ ಎನಿಸಿ ಕೈ ಹಿಂದಕ್ಕೆಳೆದುಕೊಂಡಳು. ಅಷ್ಟು ದುಃಖ ಆಕೆಗೆ ಗಂಡ ಸತ್ತಾಗ ಆಗಿತ್ತು, ಮತ್ತೆ ಈಗ.

ಇಬ್ಬರೂ ಹೋಗಿ ಹೇಳಿದಾಗ ಪ್ರೊಫೆಸರರು ಕೂಗಾಡಲಿಲ್ಲ. ಪ್ರಬಂಧ ಒಪ್ಪಿಸುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ, ನಡೆದದ್ದನ್ನು ಪ್ರಯೋಗದ ಪುಸ್ತಕದಲ್ಲಿ ಬರೆದು ಸಹಿ ಹಾಕಲು ಹೇಳಿದರು. ಹುಡುಗಿ ಬರೆದಳು: "ತಟ್ಟೆ ಯಾವ ದಿನದ್ದೆಂದು ವಿಚಾರಿಸದೆ ಬಳಸಿದೆ. ತಪ್ಪು ನನ್ನದು."

ಅಗರಕ್ಕ ಒಂದೊಂದೇ ಅಕ್ಷರ ಕೂಡಿಸಿಕೊಂಡು ಅದನ್ನು ಓದಿದಳು. ಪೆನ್ನು ಕೇಳಿ ಇಸಿದುಕೊಂಡು ಅದರ ಕೆಳಗೆ ಸೊಟ್ಟ ಸೊಟ್ಟ ಅಕ್ಷರದಲ್ಲಿ, "ಹಳೆಯದನ್ನು ಕೊಟ್ಟವಳು ನಾನು" ಎಂದು ಬರೆದು ಸಹಿ ಹಾಕಿದಳು.

"ನಾನು ಒಂದು ಮಾತು ಕೇಳಬೇಕಿತ್ತು ಅಕ್ಕ" ಅಂದಳು ಹುಡುಗಿ.

"ಕೇಳಿದ್ರೂ ಹಳೇದು ಹೊಸದು ಎಲ್ಲಾ ಒಂದೇ ಅಂತಿದ್ದೆ, ಮಗಳೇ. ನಿನ್ನ ಭಾಷಣ ಕೇಳೋವರೆಗೂ ನಾನು ಹಾಗೇ ತಿಳ್ಕೊಂಡಿದ್ದೆ."