ಕೇಳಿದಷ್ಟೂ ಇಲ್ಲವೆಂದ ಪುಟ

ಬಸ್ ಡಿಪೋದ ಹಿಂಬದಿಯಲ್ಲಿ, ಹಳೆಯ ಟೈರುಗಳ ರಾಶಿ ದಾಟಿದರೆ ಕಳೆದುಹೋದ ವಸ್ತುಗಳ ಕೋಣೆ ಸಿಗುತ್ತದೆ. ಕಬ್ಬಿಣದ ಕಪಾಟುಗಳ ತುಂಬ ಕೊಡೆ, ಊಟದ ಡಬ್ಬಿ, ಹೆಲ್ಮೆಟ್, ಒಂಟಿ ಚಪ್ಪಲಿ. ಒಂಟಿ ಚಪ್ಪಲಿ ಬಿಟ್ಟು ಇಳಿದವರು ಮನೆಗೆ ಹೇಗೆ ನಡೆದುಹೋದರೆಂದು ಇದುವರೆಗೆ ಯಾರೂ ವಿಚಾರಿಸಿಲ್ಲ. ಮೂಲೆಯಲ್ಲಿ ಪ್ಲೈವುಡ್ ಅಡ್ಡ ಕಟ್ಟಿ ಮಾಡಿದ ಗೂಡಿನಲ್ಲಿ ಕಂಪ್ಯೂಟರಕ್ಕ ಕೂರುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಬಸ್ ಪಾಸ್ ಬರೆಯುವ ಗುಮಾಸ್ತೆಯಾಗಿ ಸೇರಿದವರು, ಸಂಜೆ ತರಗತಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿತರು. ಕಲಿತ ತಪ್ಪಿಗೆ ಡಿಪೋದ ವೆಬ್‌ಸೈಟು, ಪ್ರಿಂಟರು, ನಿಂತುಹೋದ ಗೋಡೆ ಗಡಿಯಾರ ಎಲ್ಲವೂ ಅವರ ತಲೆಗೇ ಬಂದವು.

ಆ ವೆಬ್‌ಸೈಟಿನಲ್ಲಿ ಒಂದು ಪುಟವಿದೆ. ಕಳೆದದ್ದು ಏನು, ಎಷ್ಟನೇ ನಂಬರ್ ಬಸ್ಸು ಎಂದು ಆರಿಸಿ ಒತ್ತಿದರೆ ಅದು ಇದೆ ಅಥವಾ ಇಲ್ಲ ಎನ್ನುತ್ತದೆ. ಮೊದಲು ಅಷ್ಟು ಹೇಳಲು ಅದಕ್ಕೆ ಒಂದು ನಿಮಿಷ ಹಿಡಿಯುತ್ತಿತ್ತು, ಏಕೆಂದರೆ ಪ್ರತಿ ಪ್ರಶ್ನೆಗೂ ಹನ್ನೊಂದು ವರ್ಷದ ದಾಖಲೆಯನ್ನೆಲ್ಲ ಜಾಲಾಡಬೇಕಿತ್ತು. ಕಾದು ಸಾಕಾದವರು ಕೋಣೆಯ ಕಿಟಕಿಗೆ ಬಂದು ಅಲ್ಲಿ ಕೂರುವ ಸ್ಟೋರ್‌ಕೀಪರ್ ಮೇಲೆ ರೇಗುತ್ತಿದ್ದರು, ಸ್ಟೋರ್‌ಕೀಪರ್ ಗೂಡಿಗೆ ಬಂದು ಅಕ್ಕನ ಮೇಲೆ.

ಹೋದ ತಿಂಗಳು ಅಕ್ಕ ಡೇಟಾಬೇಸಿನ ಮುಂದೆ ಒಂದು ಕ್ಯಾಶಿಂಗ್ ಪದರ ಕೂರಿಸಿದರು. ಒಂದು ಪ್ರಶ್ನೆಗೆ ಒಮ್ಮೆ ಸಿಕ್ಕ ಉತ್ತರವನ್ನು ಅದು ಪಕ್ಕಕ್ಕೆ ಇಟ್ಟುಕೊಳ್ಳುತ್ತದೆ. ಅದೇ ಪ್ರಶ್ನೆ ಮತ್ತೆ ಬಂದರೆ ದಾಖಲೆಯ ಗೋಜಿಗೆ ಹೋಗದೆ ಇಟ್ಟದ್ದನ್ನೇ ಕೊಡುತ್ತದೆ. ಸ್ಟೋರ್‌ಕೀಪರಿಗೆ ಅಕ್ಕ ವಿವರಿಸಿದ್ದು ಹೀಗೆ: ಕಪ್ಪು ಕೊಡೆ ಇದೆಯಾ ಎಂದು ಮೂರನೆಯವನು ಕೇಳಿದಾಗ ನೀವು ಕುರ್ಚಿಯಿಂದ ಏಳದೆಯೇ ಇಲ್ಲ ಅನ್ನುತ್ತೀರಲ್ಲ, ಅದೇ ಇದು. ಅವರಿಗೆ ತಟ್ಟನೆ ಅರ್ಥವಾಯಿತು, ತುಸು ಕೋಪವೂ ಬಂತು. ಇಟ್ಟುಕೊಂಡ ಉತ್ತರ ಹಳಸಬಾರದಲ್ಲ, ಅದಕ್ಕೆ ಅರ್ಧ ಗಂಟೆಯ ಗಡುವನ್ನೂ ಅಕ್ಕ ಬರೆದಿದ್ದರು, ಅದು ಮುಗಿದರೆ ಹಳೆಯದನ್ನು ಬಿಸಾಡಿ ದಾಖಲೆಯಲ್ಲಿ ಹೊಸದಾಗಿ ಹುಡುಕಬೇಕು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡತೊಡಗಿತು. ಮ್ಯಾನೇಜರು ಮೆಚ್ಚಿ ಹೊಸ ಕುರ್ಚಿಯೊಂದನ್ನು ಮಂಜೂರು ಮಾಡಿದರು. ಅದರಲ್ಲಿ ಸ್ಟೋರ್‌ಕೀಪರ್ ಕೂತರು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಗೆ ಬಂದವರು ಅರವತ್ತು ದಾಟಿದ ಟೈಲರು, ಕೊರಳಲ್ಲಿ ಟೇಪು ಹಾಗೇ ಇತ್ತು. ಸೋಮವಾರ ಹದಿನೇಳನೇ ನಂಬರ್ ಬಸ್ಸಿನಲ್ಲಿ ಅಳತೆ ಪುಸ್ತಕ ಬಿಟ್ಟು ಇಳಿದಿದ್ದರು. ಒಂದು ಬ್ಯಾಂಡ್ ತಂಡದ ಇಪ್ಪತ್ತೆರಡು ಕೋಟುಗಳ ಅಳತೆ ಅದರಲ್ಲಿತ್ತು. ತಂಡ ಪರಊರಿಗೆ ಹೋಗಿದೆ, ನಾಡಿದ್ದು ಬಂದಿಳಿದು ಅದೇ ಸಂಜೆ ಕೋಟು ತೊಟ್ಟು ನುಡಿಸಬೇಕು. ಪುಸ್ತಕವನ್ನು ಮಂಗಳವಾರವೇ ಡಿಪೋಗೆ ಒಪ್ಪಿಸಿದ್ದೇನೆ ಎಂದು ಕಂಡಕ್ಟರ್ ಹೇಳುತ್ತಾನೆ. ಪುಟ ಮಾತ್ರ ಇಲ್ಲ ಎನ್ನುತ್ತದೆ.

ಸ್ಟೋರ್‌ಕೀಪರ್ ಕುರ್ಚಿಯಲ್ಲಿದ್ದುಕೊಂಡೇ ಪುಸ್ತಕ, ಹದಿನೇಳು ಎಂದು ಆರಿಸಿ ಒತ್ತಿದರು. ಇಲ್ಲ. ಮಂಗಳವಾರ ಅವರಿಗೆ ರಜೆ, ಬದಲಿಗೆ ಬಂದವರು ಏನು ಬರೆದರೋ ಅವರಿಗೆ ತಿಳಿಯದು. ಹಿಂದೆಯಾಗಿದ್ದರೆ ಎದ್ದು ಕಪಾಟು ನೋಡುತ್ತಿದ್ದರು. ಈಗ ಪುಟವಿದೆಯಲ್ಲ. ಮೂರು ದಿನದಲ್ಲಿ ಯಾರೂ ಕೇಳದ ಕಾಗದ ಪುಸ್ತಕಗಳು ಶುಕ್ರವಾರ ಹನ್ನೆರಡಕ್ಕೆ ರದ್ದಿ ವ್ಯಾನು ಸೇರುತ್ತವೆ ಎಂಬ ಫಲಕ ಅದೇ ಕಿಟಕಿಯ ಪಕ್ಕದಲ್ಲಿತ್ತು. ಟೈಲರು ಅದನ್ನು ಎರಡು ಸಲ ಓದಿದರು.

"ನಾನು ಕೇಳ್ತಾನೇ ಇದೀನಲ್ಲಾ," ಎಂದರು. "ಸೋಮವಾರದಿಂದ ಕೇಳ್ತಾ ಇದೀನಿ."

ಅವರ ಮಗಳು ಪುಟ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಕೇಳುವಂತೆ ಫೋನಿನಲ್ಲಿ ಮಾಡಿಕೊಟ್ಟಿದ್ದಳು, ಹಗಲೂ ರಾತ್ರಿಯೂ. ಗೂಡಿನಿಂದ ಅಕ್ಕ ಎದ್ದು ಬಂದರು. ಇಂಥವರಿಂದಲೇ ತಾನೆ ತನ್ನ ಸರ್ವರ್ ಏದುಸಿರು ಬಿಡುತ್ತಿದ್ದದ್ದು.

"ಹತ್ತು ನಿಮಿಷಕ್ಕೊಂದ್ಸಲ ಕೇಳಿದ್ರೆ ಪುಸ್ತಕ ಹುಟ್ಟುತ್ತಾ ಯಜಮಾನ್ರೇ?"

"ಹೋಗಲಿ ಅಮ್ಮಾ, ಒಂದ್ಸಲ ನೀವೇ ಕೇಳಿ ನೋಡಿ."

ಅಕ್ಕ ಕೇಳಿದವರ ಪಟ್ಟಿ ತೆರೆದರು. ಪುಸ್ತಕ, ಹದಿನೇಳು: ಐನೂರೈವತ್ತೆಂಟು ಸಲ. ದಾಖಲೆಯವರೆಗೆ ತಲುಪಿದ್ದು ಮೊದಲನೆಯದು ಮಾತ್ರ, ಸೋಮವಾರ ಮಧ್ಯಾಹ್ನದ್ದು, ಪುಸ್ತಕ ಬರುವ ಮುಂಚಿನದು. ತಾನು ಬರೆದ ಗಡುವಿನ ಸಾಲನ್ನು ಅಕ್ಕ ಈಗ ಓದಿಕೊಂಡರು. ಉತ್ತರ ಹುಡುಕಿ ತಂದ ಹೊತ್ತಿನಿಂದ ಅರ್ಧ ಗಂಟೆ ಎಂದು ಎಣಿಸಬೇಕಿತ್ತು. ಯಾರಾದರೂ ಕೊನೆಯ ಸಲ ಕೇಳಿದ ಹೊತ್ತಿನಿಂದ ಎಂದು ಬರೆದುಬಿಟ್ಟಿದ್ದರು. ಟೈಲರು ಕೇಳಿದಾಗಲೆಲ್ಲ ಆ ಹಳೆಯ ಇಲ್ಲಕ್ಕೆ ಇನ್ನರ್ಧ ಗಂಟೆ ಆಯುಸ್ಸು ಸಿಕ್ಕಿತ್ತು.

"ನೀವು ಕೇಳೋದು ನಿಲ್ಲಿಸಿದ್ದಿದ್ರೆ ಸಿಗ್ತಿತ್ತು," ಎಂದರು ಅಕ್ಕ, ಮೆಲ್ಲಗೆ.

"ಅಂದ್ರೆ ತಪ್ಪು ನನ್ನದಾ?"

"ಅಲ್ಲ. ನನ್ನದು."

ಹೆಚ್ಚು ಮಾತಾಡಲು ಹೊತ್ತಿರಲಿಲ್ಲ. ರದ್ದಿಯ ನಾಲ್ಕು ಗೋಣಿಚೀಲಗಳು ಆಗಲೇ ಬಾಯಿ ಕಟ್ಟಿಸಿಕೊಂಡು ಬಾಗಿಲ ಬಳಿ ನಿಂತಿದ್ದವು. ಅಕ್ಕ ದಾರ ಕತ್ತರಿಸಿ ಮೊದಲನೆಯದನ್ನು ನೆಲಕ್ಕೆ ಸುರಿದರು, ಎರಡನೆಯದನ್ನೂ ಸುರಿದರು. ಕಟ್ಟಲು ಒಂದು ಗಂಟೆ ಹಿಡಿದಿತ್ತು ಎಂದು ಸ್ಟೋರ್‌ಕೀಪರ್ ಕುರ್ಚಿಯಿಂದಲೇ ಹೇಳಿದರು. ಮೂರನೆಯ ಚೀಲದಲ್ಲಿ, ಯಾರದೋ ನೋಟ್ಸುಗಳ ಕೆಳಗೆ ಉದ್ದನೆಯ ಕೆಂಪು ರಟ್ಟಿನ ಪುಸ್ತಕ ಸಿಕ್ಕಿತು. ಟೈಲರು ನಿಂತಲ್ಲೇ ಪುಟ ತಿರುವಿ ಇಪ್ಪತ್ತೆರಡನ್ನೂ ಬೆರಳಿಟ್ಟು ಎಣಿಸಿದರು, ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಹೊರಟೇಬಿಟ್ಟರು. ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

ಆ ಒಂದು ಸಾಲು ತಿದ್ದಲು ಅಕ್ಕನಿಗೆ ಎರಡು ನಿಮಿಷ ಸಾಕಾಯಿತು. ಸಂಜೆ ಮನೆಯಲ್ಲಿ ಗಂಡ ಕಥೆಯನ್ನೆಲ್ಲ ಕೇಳಿ, "ಮನೇಲೂ ನೀನು ಹಾಗೇ. ಒಂದ್ಸಲ ಇಲ್ಲ ಅಂದ್ರೆ ಮುಗೀತು, ಕೇಳಿದಷ್ಟೂ ಬಿಗಿ," ಎಂದರು.

ಶನಿವಾರ ಬೆಳಿಗ್ಗೆ ಡಿಪೋದ ಫೋನ್ ಬಡಿದುಕೊಂಡಿತು. ಟೈಲರು. ಹಿಂದೆ ಹೊಲಿಗೆ ಯಂತ್ರ ಓಡುತ್ತಿದ್ದ ಸದ್ದು. ಮಗಳ ಫೋನು ಇನ್ನೂ ಕೇಳುತ್ತಲೇ ಇದೆಯಂತೆ, ಪುಟ ಈಗ ಇದೆ, ಬಂದು ಒಯ್ಯಿರಿ ಎನ್ನುತ್ತಿದೆಯಂತೆ.

"ಇದು ಯಾವ ಪುಸ್ತಕ ಅಮ್ಮಾ? ನನ್ನ ಹತ್ರ ಇದ್ದದ್ದು ಒಂದೇ."

ಅಕ್ಕ ಫೋನಿಟ್ಟು ನೆಟ್ಟಗೆ ಸ್ಟೋರ್‌ಕೀಪರ್ ಬಳಿ ಹೋಗಿ, ಪುಸ್ತಕ ಕೊಟ್ಟದ್ದನ್ನು ದಾಖಲೆಗೆ ಏರಿಸಲಿಲ್ಲವೇ ಎಂದು ಕೇಳಿದರು.

"ನಾನೆಲ್ಲಿ ಕೊಟ್ಟೆ?" ಎಂದರು ಅವರು, ಹೊಸ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ. "ಚೀಲ ಸುರಿದವರು ನೀವು, ಎತ್ತಿ ಕೊಟ್ಟವರೂ ನೀವು. ಬರೀಬೇಕಾದವರು ಯಾರಕ್ಕಾ?"

ಅಕ್ಕ ಗೂಡಿಗೆ ವಾಪಸು ಬಂದು ಬರೆದರು.