ಭಾವನ ಕತ್ತಿಗೆ ಹೆಣೆದ ಸ್ವೆಟರ್

ಅಕ್ಕನ ಮದುವೆ ಗೊತ್ತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಭಾವ ಕಡೂರಿನವರು. ಮದುವೆಯಾದ ಮೇಲೆ ಮನೆಯವರೆಲ್ಲ ಒಂದು ದಿನ ಕೆಮ್ಮಣ್ಣುಗುಂಡಿಗೆ ಹೋಗಿಬರುವುದೆಂದು ಮಾತಾಗಿತ್ತು. ಅಲ್ಲಿ ಚಳಿಯೆಂದು ಅಕ್ಕ ಅವರಿಗೊಂದು ಸ್ವೆಟರ್ ಹೆಣೆಯುವ ನಿರ್ಧಾರ ಮಾಡಿದಳು.

ಉಲ್ಲನ್ ತರಲು ಅವ್ವ, ಅಕ್ಕ, ನಾನು ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿನಲ್ಲಿ ಹೋದೆವು. ಅಕ್ಕ ಉಂಡೆಗಳನ್ನು ಬೆರಳಲ್ಲಿ ಹಿಸುಕಿ, ಮೆತ್ತಗಿದೆಯೆಂದು ಬೂದು ಬಣ್ಣದ್ದನ್ನು ಆರಿಸಿದಳು. ಅವ್ವ ಅದನ್ನೇ ಎತ್ತಿ ಗದ್ದದ ಕೆಳಗೆ ಉಜ್ಜಿಕೊಂಡಳು.

"ಚುಚ್ತೈತೆ ಕಣೇ. ಪಾತ್ರೆ ತಿಕ್ಕೋ ಕೈಗೆ ಏನ್ ಗೊತ್ತಾಯ್ತದೆ? ಕತ್ತಿಗೆ ಹಿಡ್ದು ನೋಡು."

ಅಕ್ಕ ನೋಡಲಿಲ್ಲ. ಬಣ್ಣ ಅವಳಿಗೆ ಹಿಡಿಸಿಬಿಟ್ಟಿತ್ತು.

ಹೆಣಿಗೆಯಲ್ಲಿ ಅವಳದು ಬಿಗಿ ಕೈ, ಸಣ್ಣ ಕಡ್ಡಿ. ಗಂಟಲು ಪೂರ್ತಿ ಮುಚ್ಚುವಂತೆ ಎತ್ತರದ ಕಾಲರ್ ಬೇರೆ ಇಟ್ಟಳು. ಮುಗಿದ ಸ್ವೆಟರನ್ನು ಮಂಚದ ಮೇಲೆ ನಿಲ್ಲಿಸಿದರೆ ಕೊಂಚ ಹೊತ್ತು ನಿಂತಿರುತ್ತಿತ್ತು.

ಕೆಮ್ಮಣ್ಣುಗುಂಡಿಯಲ್ಲಿ ಭಾವ ಅದನ್ನು ತೊಟ್ಟರು.

"ಹೆಂಗೈತೆ?" ಎಂದಳು ಅಕ್ಕ.

"ಬಾಳ ಮೆತ್ತಗೈತೆ."

ಆ ದಿನವೆಲ್ಲ ಅವರು ಕತ್ತು ತಿರುಗಿಸಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಅಳಿಯನಿಗೆ ಎಷ್ಟು ಗಾಂಭೀರ್ಯ ಎಂದು ಅಪ್ಪ ಮೆಚ್ಚಿಕೊಂಡರು.

ಸಂಜೆ ಅಜ್ಜಂಪುರದ ನಮ್ಮ ಮನೆಗೆ ಬಂದು ಸ್ವೆಟರ್ ತೆಗೆದಾಗ ಭಾವನ ಕತ್ತಿನ ಸುತ್ತ ಕೆಂಪು ಪಟ್ಟಿ ಎದ್ದಿತ್ತು.

"ಏನ್ರೀ ಇದು?" ಅಕ್ಕ ಗಾಬರಿಯಾದಳು.

"ಸೊಳ್ಳೆ ಕಚ್ಚಿರ್ಬೇಕು."

"ಸುತ್ತಲೂ ಸಾಲಾಗಿ ಕೂತ್ಕಂಡು ಕಚ್ಚಿದ್ವಾ?"

ಭಾವ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಅವ್ವ ಕೊಬ್ಬರಿ ಎಣ್ಣೆ ತಂದಿಟ್ಟು, ಏನೂ ಹೇಳದೆ ಒಳಗೆ ಹೋದಳು. ಹೇಳದೆ ಹೋದದ್ದೇ ಅಕ್ಕನಿಗೆ ಹೆಚ್ಚು ಸಿಟ್ಟು ತರಿಸಿತು.

ಅವಳು ಆ ಕಾಲರನ್ನು ಮೊದಲ ಸಲ ತನ್ನ ಕತ್ತಿಗೆ ಒತ್ತಿಕೊಂಡಳು. ಬೇಗನೇ ತೆಗೆದಳು.

"ಮತ್ತೆ ಮೆತ್ತಗೈತೆ ಅಂತ ಯಾಕಂದ್ರಿ?"

"ಎಲ್ಲಾರೂ ನನ್ನೇ ನೋಡ್ತಿದ್ರು. ಇನ್ನೇನನ್ಲಿ?"

"ನಂಗೊಬ್ಳಿಗೇ ಆದ್ರೂ ಹೇಳ್ಬೋದಿತ್ತು."

"ನೀನು ಒಬ್ಳೇ ಯಾವಾಗ ಸಿಕ್ಕಿದ್ದೆ?"

ಅದು ನಿಜವೇ ಆಗಿತ್ತು. ಮದುವೆಯಾದಂದಿನಿಂದ ಅವರ ಸುತ್ತ ನಾವೆಲ್ಲ ಇದ್ದೇ ಇದ್ದೆವು. ಅಕ್ಕ ಕಾಲರ್ ಬಿಚ್ಚತೊಡಗಿದಳು. ಭಾವ ಎದುರಿಗೆ ಕೂತು, ಬಿಚ್ಚಿದ ಎಳೆಯನ್ನು ಉಂಡೆ ಸುತ್ತಿದರು. ಎಳೆ ಸಿಕ್ಕಾದಾಗ ಇಬ್ಬರೂ ಬಗ್ಗಿ ಬಿಡಿಸುತ್ತಿದ್ದರು. ನಾನು ನೋಡುತ್ತಲೇ ಕೂತಿದ್ದೆ. ಅವ್ವ ಒಳಗಿನಿಂದ ಕರೆದಳು, ಹೋದೆ. ಮಾಡಲು ಅಲ್ಲಿ ಯಾವ ಕೆಲಸವೂ ಇರಲಿಲ್ಲ.