ಜಾಂಬೋಟಿಯಲ್ಲಿ ಸಮುದ್ರದ ಮೀನು

ಉಪ್ಪಿನಕಾಯಿಗೆಂದು ಹರಳುಪ್ಪು ತರಲು ಕಳೆದ ವಾರ ರವಿವಾರ ಪೇಟೆಗೆ ಹೋಗಿದ್ದೆ. ಉಪ್ಪಿನ ಅಂಗಡಿಯ ಬಾಜುವಿಗೆ, ಇನ್ನೊಂದು ಅಂಗಡಿಯ ಮುಂದೆ ಮಳೆಗೆ ನೆನೆದ ತಂಬಾಕಿನ ಮೂಟೆ ಬಿಚ್ಚಿ ಹರವಿದ್ದರು. ಆ ಹಸಿ ಘಾಟು ಮೂಗಿಗೆ ಬಡಿದದ್ದೇ ತಡ, ಕಾಲುಗಳು ಅಲ್ಲೇ ನಿಂತವು. ತಂಬಾಕಿನ ಘಾಟಿಗೆ ಮಂದಿಗೆ ಸೀನು ಬರುತ್ತದೆ. ನನಗೆ ಅಳು ಬಂತು. ಖಾಲಿ ಚೀಲ ಹಿಡಿದು ನಡುಪೇಟೆಯಲ್ಲಿ ಅಳುವ ಹೆಂಗಸನ್ನು ಕಂಡು ಮೂಟೆ ಹೊರುವ ಹಮಾಲ ಗಾಬರಿಯಾದ. ಅವನಿಗೇನು ಹೇಳಲಿ? ಕಾಕಾ ನೆನಪಾಗಿದ್ದರು...

ಜಾಂಬೋಟಿಯ ಹತ್ತಿರದ ನನ್ನ ತವರುಮನೆಯ ಬಾಜುವಿನವರು ಅವರು. ರಕ್ತಸಂಬಂಧವೇನಲ್ಲ, ಕಾಕಾ ಎಂದು ಕರೆದು ರೂಢಿ. ವರ್ಷದ ಬಹುಪಾಲು ಕರಾವಳಿಯಲ್ಲೇ ಇರುತ್ತಿದ್ದರು. ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುವವರ ಹತ್ತಿರ ಕೆಲಸ. ಮನೆಯಲ್ಲಿ ಅವರ ಹೆಂಡತಿ ಕಾಕು ಒಬ್ಬರೇ, ಮಕ್ಕಳಿಲ್ಲ. ಹಬ್ಬಕ್ಕೆ ಬಂದ ಗಂಡ ಮರಳಿ ಹೊರಟ ದಿನ ಕಾಕು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಕೊನೆಗೊಂದು ವರ್ಷ ಕಾಕಾ ಮನೆಯ ಹಿಂದೆ ಹೊಂಡ ತೋಡಿಸಿದರು. ಚೊಣಕ ಎಂಬ ಸಮುದ್ರದ ಮೀನಿನ ಮರಿ ತಂದು, ನೀರಿನ ಉಪ್ಪನ್ನು ದಿನಕ್ಕಿಷ್ಟು ಕಡಿಮೆ ಮಾಡುತ್ತ ಸಿಹಿನೀರಿಗೆ ಒಗ್ಗಿಸಿದರು. "ಇವು ಇಲ್ಲೇ ಬಾಳಿದ್ರ ನಾನೂ ಇಲ್ಲೇ. ಇಲ್ಲಂದ್ರ ಮತ್ತ ಸಮುದ್ರಕ್ಕ ಹೋಗೂದ," ಎಂದಿದ್ದರು. ಕಾಕು ದಿನಾ ಸಂಜೆ ಹೊಂಡಕ್ಕೆ ಊದಿನಕಡ್ಡಿ ಬೆಳಗುತ್ತಿದ್ದರು!

ನಾವು ಲಿಂಗ ಕಟ್ಟಿಕೊಂಡವರು. ಮೀನಿನ ಸುದ್ದಿ ಎತ್ತಿದರೆ ಅವ್ವ ಮೂಗು ಮುರಿಯುತ್ತಿದ್ದಳು. ನಾನು ಮಾತ್ರ ಕಾಲೇಜಿನಿಂದ ಬಂದವಳೇ ಹೊಂಡದ ದಂಡೆಗೆ ಓಡುತ್ತಿದ್ದೆ. "ತಿನ್ನಾಕಿ ಅಲ್ಲ, ಕೊಳ್ಳಾಕಿ ಅಲ್ಲ, ಬರೇ ದೃಷ್ಟಿ ಹಚ್ಚಾಕ ಬರ್ತಿ ನೋಡು," ಎಂದು ಕಾಕಾ ಛೇಡಿಸುತ್ತಿದ್ದರು.

ಬೇಸಿಗೆಯಲ್ಲಿ ನೀರು ಇಳಿದು, ತಳದ ಕೆಸರು ಕಪ್ಪಾಗಿ ನಾರತೊಡಗಿತು. ಮೀನುಗಳು ದಂಡೆಗೆ ಮೈ ತಿಕ್ಕತೊಡಗಿದವು. ಕಾಕಾ ಒಂದನ್ನು ಹಿಡಿದು ಕಿವಿರು ಎತ್ತಿ ತೋರಿಸಿದರು. ಅಬ್ಬಾ... ಒಳಗೆ ಸಣ್ಣ ಸಣ್ಣ ಜಿಗಣೆಗಳು, ರಕ್ತ ಹೀರಿ ಉಬ್ಬಿ ಗಿಜಿಗುಡುತ್ತಿದ್ದವು.

"ಸಮುದ್ರದಾಗ ಜಿಗಳಿ ಹತ್ತಿದ್ರ ಮೀನನ್ನ ಸಿಹಿನೀರಾಗ ಅದ್ದತೀವಿ. ಇವು ಸಿಹಿನೀರಿನ ಜಿಗಳಿ, ಇವಕ್ಕ ಉಪ್ಪು ಬೇಕು," ಎಂದರು. ಮರುದಿನ ಖಾನಾಪುರದಿಂದ ಉಪ್ಪಿನ ಚೀಲಗಳು ಬಂದು ಪಡಸಾಲೆಯಲ್ಲಿ ಕೂತವು. ಆದರೆ ಕಾಕಾ ಉಪ್ಪು ಹಾಕಲೇ ಇಲ್ಲ. ಮೋಡ ಕಟ್ಟುತ್ತಿದ್ದ ಮುಗಿಲು ನೋಡುತ್ತ ದಂಡೆಯ ಮೇಲೆ ಕೂತುಬಿಟ್ಟರು.

"ಯಾಕ ಕುಂತ್ರಿ ಕಾಕಾ, ಹಾಕ್ರಿ," ಎಂದೆ.

"ನೋಡೂಣು ತಗೋ," ಎಂದರು, ಅಷ್ಟೇ.

ನಮ್ಮ ಕಡೆ ಗದ್ದೆಯಲ್ಲಿ ಕಾಲಿಗೆ ಜಿಗಣೆ ಹತ್ತಿದರೆ ತಂಬಾಕಿನ ನೀರು ಸವರುತ್ತಾರೆ, ಪಟ್ಟನೆ ಕಳಚಿ ಬೀಳುತ್ತದೆ. ಹುಟ್ಟಿದಾಗಿನಿಂದ ಕಂಡದ್ದು. ಕಾಕಾ ಅದನ್ನೇ ನಂಬಿದರು. ಹಂಡೆಗಟ್ಟಲೆ ತಂಬಾಕು ನೆನೆಸಿ ಆ ಕಂದು ನೀರನ್ನು ಹೊಂಡಕ್ಕೆ ಸುರಿದರು. ಜಿಗಣೆಗಳು ಬಿದ್ದವು, ಖರೇ. ಆದರೆ ಆ ನೀರು ಮೀನಿಗೂ ವಿಷ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಹೊಂಡದ ತುಂಬ ಬಿಳಿ ಹೊಟ್ಟೆಗಳು ತೇಲಿದವು. ಕಾಕಾ ಎದೆಮಟ್ಟದ ನೀರಿಗಿಳಿದು ಒಂದೊಂದನ್ನೇ ಎತ್ತಿ, ಕಿವಿರು ತೆರೆದು ನೋಡಿ ದಂಡೆಗೆ ಇಡುತ್ತಿದ್ದರು. ಕಿವಿರಲ್ಲಿ ಒಂದು ಜಿಗಣೆಯೂ ಇರಲಿಲ್ಲ. "ಸಾಕ್ರಿ, ಬರ್ರಿ ಮ್ಯಾಲ," ಎಂದು ಕಾಕು ಕರೆಯುತ್ತಲೇ ಇದ್ದರು.

ಮಳೆಗಾಲ ಕಳೆದ ಮೇಲೆ ಕಾಕಾ ಮತ್ತೆ ಸಮುದ್ರದ ಕೆಲಸಕ್ಕೆ ಹೋದರು. ಬೇಸಿಗೆ ಬರುವ ಮೊದಲೇ ಸುದ್ದಿ ಬಂತು. ಪಂಜರದ ಬಲೆ ತೊಳೆಯಲು ಇಳಿದವರು ಮೇಲೆ ಬರಲಿಲ್ಲವಂತೆ...

ಕಾಕುವನ್ನು ಮಾತಾಡಿಸಲು ಹೋದೆ. ಪಡಸಾಲೆಯಲ್ಲಿ ಆ ಉಪ್ಪಿನ ಚೀಲಗಳು ಹೊಲಿಗೆ ಬಿಚ್ಚದೆ ಹಾಗೇ ಇದ್ದವು. ಬಾಯಿ ತಡೆಯಲಿಲ್ಲ. "ಕಾಕು, ಇದನ್ನ ಹಾಕಿದ್ರ ಮೀನ ಉಳೀತಿದ್ವಲ್ಲಾ?"

"ಉಳೀತಿದ್ವು," ಎಂದರು. "ಆದ್ರ ಮಳಿ ಬಂದ್ರ ಹೊಂಡ ಉಕ್ಕತೈತಿ. ಉಪ್ಪಿನ ನೀರ ಕೆಳಗಿನ ನಿಮ್ಮ ಗದ್ದಿಯೊಳಗ ಇಳದು ಭತ್ತದ ಸಸಿ ಸುಡತಾವು. ಅವರ ಅನ್ನಕ್ಕ ನಾ ಉಪ್ಪ ಸುರೀಲೇನ ಅಂದ್ರವ್ವಾ ನಿಮ್ಮ ಕಾಕಾ... ನಿಮ್ಮಪ್ಪಗ ಹೇಳಬ್ಯಾಡ ಅಂದಿದ್ರು."

ಆ ವರ್ಷ ನಮ್ಮ ಭತ್ತ ಚಲೋ ಬಂದಿತ್ತು. ಹೊಸ ಅಕ್ಕಿಯ ಪಾಯಸವನ್ನು ನಾನೇ ಕಾಕುವಿಗೆ ಒಯ್ದು ಕೊಟ್ಟಿದ್ದೆ. ಚಲೋ ಆಗೇತಿ ಎಂದು ಉಂಡಿದ್ದರು, ಆ ತಾಯಿ.

"ಉಪ್ಪು ಎಷ್ಟು ಕೊಡ್ಲಿರೀ ಅಕ್ಕಾರ?" ಎಂದು ಪೇಟೆಯ ಉಪ್ಪಿನ ಅಂಗಡಿಯವನು ಕೇಳಿದ. ಬ್ಯಾಡ್ರಿ ಎಂದು ಬಂದುಬಿಟ್ಟೆ. ಸದಾಶಿವನಗರದ ನಮ್ಮ ಮನೆಗೆ ಅಕ್ಕಿ ಇವತ್ತಿಗೂ ತವರಿನ ಆ ಗದ್ದೆಯಿಂದಲೇ ಬರುತ್ತದೆ. ಆ ರಾತ್ರಿ ಅನ್ನ ಮಾಡಿದೆ, ಎಲ್ಲರಿಗೂ ಬಡಿಸಿದೆ. ನನಗೆ ಒಂದು ತುತ್ತೂ ಇಳಿಯಲಿಲ್ಲ.